ಬೇಕರಿ ಮುಂದೆ ನಿಂತ ಮೂರು ನಿಮಿಷ

ಆಂಬುಲೆನ್ಸ್ ನಿಂತಿದ್ದಾಗಲೂ ನಮ್ಮ ಡ್ರೈವರ್ ಅಣ್ಣನ ಎಡಗಾಲು ಕುಣಿಯುತ್ತಲೇ ಇರುತ್ತಿತ್ತು. ಹಿಂದೆ ಕೂತ ನನಗೆ ಅದನ್ನು ನೋಡಿದರೆ ಮೈ ಉರಿಯುತ್ತಿತ್ತು. "ಕಾಲು ನಿಲ್ಸಿ ಅಣ್ಣ, ತಲೆ ಕೆಡುತ್ತೆ" ಎಂದು ರೇಗಿದರೆ, "ಅದು ನನ್ ಮಾತೂ ಕೇಳಲ್ಲ ಸಿಸ್ಟರ್" ಎಂದು ನಗುತ್ತಿದ್ದರು.

ಪೀಣ್ಯ ಸುತ್ತಿನ ಕಾರ್ಖಾನೆಗಳಿಗೆ ಓಡುತ್ತಿದ್ದ ಗಾಡಿ ನಮ್ಮದು. ರೋಗಿಯ ಇಸಿಜಿಯನ್ನು ದಾರಿಯಲ್ಲೇ ಟ್ಯಾಬ್‌ನಿಂದ ಆಸ್ಪತ್ರೆಗೆ ಕಳಿಸಬೇಕು. ಅದನ್ನು ನೋಡಿ ಡಾಕ್ಟರು ಸಿದ್ಧರಾಗಬೇಕು. ಓಡುವ ಗಾಡಿಯಲ್ಲಿ ಹಳೆಯ ನೆಟ್‌ವರ್ಕ್ ಕೈಕೊಡುತ್ತಿತ್ತು. ಎಲ್ಲಿ ಸಿಗ್ನಲ್ ಸಿಗುತ್ತದೆಂಬುದು ಅಣ್ಣನಿಗೆ ಬಾಯಿಪಾಠ. ನಾಗಸಂದ್ರದ ಒಂದು ಬೇಕರಿ ಮುಂದೆ ನಿಲ್ಲಿಸಿ ಕೈ ಎತ್ತುತ್ತಿದ್ದರು: "ಕಳ್ಸಿ. ಇಲ್ಲಿ ಒಂದ್ನಿಮಿಷ ನಿಂತ್ರೆ ಅಲ್ಲಿ ಹತ್ನಿಮಿಷ ಉಳೀತದೆ." ಆ ಒಂದು ನಿಮಿಷದಿಂದ ಬದುಕಿದವರಿದ್ದಾರೆ.

ಆಮೇಲೆ ಗಾಡಿಗೆ 5ಜಿ ಬಂತು. ಮೊದಲ ವಾರವೇ ಚಿಕ್ಕಬಾಣಾವರದ ಶೆಡ್ಡೊಂದರಿಂದ ಎದೆನೋವಿನ ಲೇತ್ ಕೆಲಸಗಾರನನ್ನು ಹತ್ತಿಸಿಕೊಂಡೆವು. ಬೇಕರಿ ಬರುವ ಮೊದಲೇ ಟ್ಯಾಬ್‌ನಲ್ಲಿ ಹಸಿರು ಗುರುತು ಬಿತ್ತು. ಇಸಿಜಿ ಹೋಗಿಯಾಗಿತ್ತು. ನಾನು ನಂಬಲಿಲ್ಲ. ಅಣ್ಣ ರೂಢಿಯಂತೆ ನಿಲ್ಲಿಸಿ ಕೈ ಎತ್ತಿದರು. ನಾನು ಪೆದ್ದಿ, ಮತ್ತೆ ಕಳಿಸಿದೆ. ಮತ್ತೂ ಒಮ್ಮೆ. ಮೂರು ನಿಮಿಷ! ಟ್ಯಾಬ್‌ನಲ್ಲೇ ಡಾಕ್ಟರ ಮುಖ ಮೂಡಿ ಗದರಿತು: "ಇಸಿಜಿ ಬಂದು ಯಾವ ಕಾಲ ಆಯ್ತು! ಗಾಡಿ ಯಾಕ್ರೀ ನಿಂತಿದೆ?"

ಕೆಲಸಗಾರ ಉಳಿದ. ಆದರೆ ಮತ್ತೆ ಲೇತ್ ಮುಂದೆ ನಿಲ್ಲುವ ಶಕ್ತಿ ಅವನಿಗೆ ಬರಲಿಲ್ಲ. ಗಾಡಿ ನಿಂತದ್ದರ ವಿಚಾರಣೆಯಲ್ಲಿ ಆಸ್ಪತ್ರೆಯ ಮ್ಯಾನೇಜರ್ ನನ್ನ ಕಡೆ ತಿರುಗುವಷ್ಟರಲ್ಲಿ ಅಣ್ಣ ಎದ್ದು ನಿಂತರು. "ಇಸಿಜಿ ಹೋಗಿದೆ, ನಡೀರಿ ಅಂದ್ರು ಸಾರ್ ಸಿಸ್ಟರ್ರು. ನಾನೇ ಕೇಳ್ನಿಲ್ಲ." ಹಸಿ ಸುಳ್ಳು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ; ಬಾಯಿ ಮುಚ್ಚಿಕೊಂಡು ಕೂತೆ. ಅಣ್ಣನನ್ನು ಆಂಬುಲೆನ್ಸಿನಿಂದ ಇಳಿಸಿ ಸಾಮಾನು ಸಾಗಿಸುವ ವ್ಯಾನಿಗೆ ಹಾಕಿದರು. ಎದುರು ಸಿಕ್ಕಾಗೆಲ್ಲ "ಹೊಸ ನೆಟ್ವರ್ಕು ಚೆನ್ನಾಗೈತಾ ಸಿಸ್ಟರ್? ಎಲ್ಲೂ ನಿಲ್ಲಿಸ್ಬೇಡಿ" ಎನ್ನುತ್ತಿದ್ದರು. ನಾನು ತಲೆಯಾಡಿಸಿ ಜಾರಿಕೊಳ್ಳುತ್ತಿದ್ದೆ.

ಹೋದ ವರ್ಷ ಅವರು ತೀರಿಕೊಂಡರು. ಮನೆಗೆ ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ನೀವ್ ನಡೀರಿ ಅಂದ್ರೂ ಕೇಳ್ನಿಲ್ವಂತೆ, ಮೊಂಡ ಮನುಷ್ಯ. ಅವ್ರೇ ಹೇಳಿದ್ರು. ಮನಸ್ಸಲ್ಲಿ ಇಟ್ಕೋಬೇಡಿ ಸಿಸ್ಟರ್."

ಅಣ್ಣ ಮನೆಯಲ್ಲೂ ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ. ಅಕ್ಕ ಕೊಟ್ಟ ಕಾಫಿ ಕುಡಿದು ಎದ್ದು ಬಂದೆ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಅಕ್ಕಾ, ನಾನು ನಡೀರಿ ಅಂದಿರಲಿಲ್ಲ.