ಕಿವಿ ಪರೀಕ್ಷೆಯ ಹಳೆಯ ಲ್ಯಾಪ್‌ಟಾಪ್

ದಪ್ಪ ಬಾಗಿಲಿನ ಪುಟ್ಟ ಕೋಣೆಯಲ್ಲಿ ನಾನೊಬ್ಬಳೇ ಕೂತಿದ್ದೆ. ಕಿವಿಗೆ ದೊಡ್ಡ ಹೆಡ್‌ಫೋನ್, ಕೈಯಲ್ಲಿ ಒಂದು ಗುಂಡಿ. ಶಬ್ದ ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು, ಎಷ್ಟೇ ಸಣ್ಣದಿದ್ದರೂ ಸರಿ ಎಂದು ಹೇಳಿದ್ದರು. ಮೊದಲು ನಾಲ್ಕಾರು ಶಬ್ದಗಳು ಕೇಳಿಸಿದವು. ಆಮೇಲೆ ಏನೂ ಇಲ್ಲ. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಕಿವಿಯೊಳಗೆ ವರ್ಷದಿಂದ ಗುಂಯ್‌ಗುಡುತ್ತಿದ್ದ ಆ ಸದ್ದೊಂದನ್ನು ಬಿಟ್ಟರೆ ಎಲ್ಲ ನಿಶ್ಶಬ್ದ. ನನ್ನ ಕಿವಿ ಹೋಯಿತು ಎಂದು ತೀರ್ಮಾನಿಸಿಬಿಟ್ಟೆ. ಆಶ್ಚರ್ಯವೆಂದರೆ, ಅಷ್ಟು ಭಯವೇನೂ ಆಗಲಿಲ್ಲ. ಸರಿ, ಇನ್ನು ಆಫೀಸಿನ ಆ ಸರ್ವರ್ ಕೋಣೆಗೆ ಹೋಗುವುದು ತಪ್ಪಿತಲ್ಲ ಎಂದುಕೊಂಡು ಗೋಡೆಗೆ ಒರಗಿದೆ. ಹಾಗೇ ಕಣ್ಣು ಮುಚ್ಚಿಕೊಂಡಿತು.

ಬಾಗಿಲು ತೆರೆದಾಗ ಬೆಚ್ಚಿದೆ.

"ಹೊರಗ ಬರ್ರಿ," ಎಂದರು ಪರೀಕ್ಷೆ ಮಾಡುತ್ತಿದ್ದ ಹೆಂಗಸು. "ನಿಮ್ಮ ಕಿವಿ ಅಲ್ಲ, ನನ್ನ ಕಂಪ್ಯೂಟರ್ ಕೆಟ್ಟೈತಿ."

ಆಗ ನನಗೆ ಮೂವತ್ತನಾಲ್ಕು. ತೆಲುಗು ನಾಡಿನ ಈ ದೊಡ್ಡ ಊರಲ್ಲಿ, ಮಾದಾಪುರದ ಒಂದು ಕಂಪನಿಯಲ್ಲಿ ಕೆಲಸ. ನೂರಾರು ಫ್ಯಾನುಗಳು ಹಗಲೂ ರಾತ್ರಿ ಒದರುವ ಸರ್ವರ್ ಕೋಣೆಯನ್ನು ನೋಡಿಕೊಳ್ಳುವುದು, ಜೊತೆಗೆ ಹಳತಾದ ಲ್ಯಾಪ್‌ಟಾಪ್‌ಗಳ ಡಿಸ್ಕ್ ಅಳಿಸಿ ಗುಜರಿಗೆ ಕಳಿಸುವುದು. ಊರೆಲ್ಲ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ವಾರಕ್ಕೆ ಹತ್ತಾರು ಜನ ಹೊಸದಾಗಿ ಸೇರುತ್ತಿದ್ದರು, ಪ್ರತಿಯೊಬ್ಬರಿಗೂ ಹೊಸ ಯಂತ್ರ. ಮೂರು ವರ್ಷ ತುಂಬಿದ ಯಂತ್ರಗಳು, ಒಂದು ಗೀರೂ ಇಲ್ಲದಿದ್ದರೂ, ನನ್ನ ಸಹಿ ಹೊತ್ತು ಲಾರಿ ಹತ್ತುತ್ತಿದ್ದವು. ಆ ಲಾರಿ ಎಲ್ಲಿಗೆ ಹೋಗುತ್ತದೆಂದು ನಾನು ಕೇಳಿದವಳೇ ಅಲ್ಲ. ಸಂಜೆ ಕ್ಯಾಬ್‌ನಲ್ಲಿ ಕೂತರೆ ಸಾಕು, ಮನೆ ಬರುವವರೆಗೆ ನಿದ್ದೆ.

ಕಿವಿ ಪರೀಕ್ಷೆಯ ಹೆಂಗಸಿಗೆ ಐವತ್ತು ದಾಟಿತ್ತು. ಬೀದರ್ ಕಡೆಯವರು. ಮೆಹದಿಪಟ್ಟಣಂನಲ್ಲಿ ಔಷಧದ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದಿದ್ದರು. ಅವರು ಡಾಕ್ಟರಲ್ಲ, ಕಿವಿ ಪರೀಕ್ಷೆಯನ್ನಷ್ಟೇ ಓದಿದವರು. ಆದರೂ ಎಲ್ಲರೂ ಡಾಕ್ಟರ್‌ಬಾಯಿ ಎಂದೇ ಕರೆಯುತ್ತಿದ್ದರು. ಅವರ ಪರೀಕ್ಷಾ ಯಂತ್ರ ಯಾವುದೋ ಆಸ್ಪತ್ರೆಯವರು ಬೇಡವೆಂದು ಮಾರಿದ್ದು. ಅದು ಒಂಬತ್ತು ಸೂಜಿಯ ದಪ್ಪ ಕೇಬಲ್ಲಿನ ಮೂಲಕ, ಅದರ ಜೊತೆಗೇ ಬಂದಿದ್ದ ಇಟ್ಟಿಗೆಯಂಥ ಲ್ಯಾಪ್‌ಟಾಪಿನೊಂದಿಗೆ ಮಾತ್ರ ಮಾತಾಡುತ್ತಿತ್ತು. ಹೊಸ ಲ್ಯಾಪ್‌ಟಾಪುಗಳಲ್ಲಿ ಆ ಕೇಬಲ್ ಚುಚ್ಚುವ ಜಾಗವೇ ಇಲ್ಲ. ತಯಾರಿಸಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು.

ನಾನು ಒಂದು ಟಾರ್ಚ್ ಕೇಳಿದೆ. ಕಪ್ಪಗಾಗಿದ್ದ ಪರದೆಯ ಮೇಲೆ ಓರೆಯಾಗಿ ಬೆಳಕು ಬಿಟ್ಟು ಬಗ್ಗಿ ನೋಡಿದರೆ ಅಕ್ಷರಗಳು ಮಸುಕಾಗಿ ಕಂಡವು. ನನ್ನ ಹೆಸರು, ವಯಸ್ಸು, ಎಷ್ಟು ಕೇಳಿಸುತ್ತದೆಂದು ತೋರಿಸುವ, ಅರ್ಧಕ್ಕೆ ನಿಂತ ಗೆರೆ.

"ಜೀವ ಐತಿ ಬಾಯಿ," ಎಂದೆ. "ಹಿಂದಿನ ದೀಪ ಅಷ್ಟ ಹೋಗೇತಿ."

"ನಿಮಗ ರಿಪೇರಿ ಬರ್ತೈತೇನು?"

ಬರುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹೊರಗಿನ ಬೆಂಚಿನ ಮೇಲೆ ಆರೇಳು ಜನ ಕೂತಿದ್ದರು. ಕಲ್ಲು ಒಡೆಯುವ, ಕಟ್ಟಡ ಕೆಲಸದ ಜನ. ಅವರಿಗೆಲ್ಲ ಡಾಕ್ಟರ್‌ಬಾಯಿ ಕೈಸನ್ನೆ ಮಾಡಿ, ಗಟ್ಟಿಯಾಗಿ ಕೂಗಿ, ಇವತ್ತು ಆಗುವುದಿಲ್ಲ, ಮನೆಗೆ ಹೋಗಿ ಎಂದು ಹೇಳುವುದನ್ನು ನೋಡುತ್ತ ನಿಂತೆ. ಒಬ್ಬ ಮುದುಕನಿಗೆ ನಾಲ್ಕು ಸಲ ಹೇಳಿದರೂ ತಿಳಿಯಲಿಲ್ಲ. ಅವನು ನಗುತ್ತ ಕೂತೇ ಇದ್ದ. ನಾನು "ನೋಡ್ತೀನ್ರಿ" ಎಂದೆ.

ಅಪ್ಪ ಇಲ್ಲಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ನಾನು ಹುಟ್ಟಿದ್ದು, ಬೆಳೆದದ್ದು ಆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲೇ. ಮನೆಯೊಳಗೆ ಧಾರವಾಡದ ಕಡೆಯ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಹಿಂದಿ. ಸ್ಕ್ರೂ ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಜೋಡಿಸಿಡಬೇಕೆಂದು ಕಲಿಸಿದ್ದು ಅಪ್ಪ. ಅವರು ತೀರಿಕೊಂಡ ಮೇಲೆ ಅವರ ಸಣ್ಣ ಸ್ಕ್ರೂಡ್ರೈವರುಗಳು ನನ್ನ ಬಳಿ ಉಳಿದಿದ್ದವು.

ಭಾನುವಾರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದೆ. ಪರದೆಯ ಕೆಳಗೆ ಬೆರಳುದ್ದದ ಒಂದು ಪಟ್ಟಿ, ಅಂದರೆ ದೀಪಕ್ಕೆ ಕರೆಂಟು ಕೊಡುವ ಬೋರ್ಡು, ಒಂದು ತುದಿಯಲ್ಲಿ ಸುಟ್ಟು ಕಂದಾಗಿತ್ತು. ಅವ್ವ ಪಕ್ಕದಲ್ಲಿ ನಿಂತು, "ವಾರಕ್ಕೊಂದು ದಿನ ಸಿಗ್ತೈತಿ. ಅದರಾಗೂ ಇದನ್ನ ತಂದ ಕುಂತಿ?" ಎಂದಳು. ನಾನು ಪಟ್ಟಿಯ ಸ್ಕ್ರೂ ಬಿಚ್ಚಿ ತಟ್ಟೆಯಲ್ಲಿಟ್ಟೆ.

ಕೋಠಿಯ ಎಲೆಕ್ಟ್ರಾನಿಕ್ಸ್ ಗಲ್ಲಿಗಳಲ್ಲಿ ಎರಡು ಶನಿವಾರ ಸುತ್ತಿದೆ. ಅಂಗಡಿಯವರು ಆ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕು ವಾಪಸು ಕೊಡುತ್ತಿದ್ದರು. ಕೊನೆಗೆ ಒಬ್ಬರು ಹೊಸದನ್ನು ಕೇಳಬೇಡಿ, ಸತ್ತದ್ದನ್ನು ಹುಡುಕಿ ಎಂದು ಹೇಳಿ ಊರಾಚೆಯ ಒಂದು ಗುಜರಿ ಗೋದಾಮಿನ ವಿಳಾಸ ಬರೆದುಕೊಟ್ಟರು. ಎರಡು ಬಸ್ಸು ಬದಲಿಸಿ ಹೋದೆ.

ತಗಡಿನ ಛಾವಣಿಯ ಕೆಳಗೆ ಲ್ಯಾಪ್‌ಟಾಪುಗಳು ನನ್ನ ಎದೆಯೆತ್ತರಕ್ಕೆ ಬಿದ್ದಿದ್ದವು. ಒಂದು ಮೂಲೆಯಲ್ಲಿ ಕಟರ್ ಯಂತ್ರ ಕಿರುಚುತ್ತಿತ್ತು. ರಾಶಿಯ ಮುಂದೆ ಏಳೆಂಟು ಹೆಂಗಸರು ಕೂತು, ಸುತ್ತಿಗೆಯಿಂದ ಬಡಿದು, ಪ್ಲಾಸ್ಟಿಕ್ಕು, ತಾಮ್ರ, ಹಸಿರು ಬೋರ್ಡುಗಳನ್ನು ಬೇರೆ ಮಾಡುತ್ತಿದ್ದರು. ಕೆಲವು ಯಂತ್ರಗಳ ಮೇಲೆ ನಮ್ಮ ಕಂಪನಿಯ ಚೀಟಿ ಇತ್ತು, ಅದರಲ್ಲಿ ನನ್ನದೇ ಸಹಿ.

ಆಳುಗಳ ಮೇಲ್ವಿಚಾರಕನಾದ ಮುಕಾದಮ ತೆಲುಗಿನಲ್ಲಿ, ಹುಡುಕಿಕೋ ಎಂದು ರಾಶಿಯತ್ತ ಕೈ ತೋರಿಸಿ ಹೋದ. ನಾನು ಒಂದೊಂದನ್ನೇ ಎತ್ತಿ ನೋಡುತ್ತ, ಬೆನ್ನು ನೋವಿಗೆ "ಅಯ್ಯವ್ವಾ" ಎಂದೆ. ಎದುರಿಗೆ ಕೂತಿದ್ದ ಹೆಂಗಸು ನನ್ನ ಬಾಯನ್ನೇ ನೋಡುತ್ತಿದ್ದಳು.

"ನಮ್ಮ ಕಡೀ ಮಂದಿ ಏನ್ರಿ?"

ನಾನು ಹೌದೆಂದು ಹೇಳಿ, ಬೇಕಾದ್ದನ್ನು ವಿವರಿಸಿದೆ. ಅವಳು ಕೈ ಅಡ್ಡ ಹಿಡಿದಳು. "ಜೋರ ಹೇಳ್ರಿ ಅಕ್ಕೋರ. ನನ್ನ ಮಾರಿ ನೋಡಿ ಹೇಳ್ರಿ."

ಅವಳು ಯಾದಗಿರಿ ಕಡೆಯವಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಅಕ್ಕಾ ಎಂದೇ ಕರೆದೆ. ನಾನು ತಂದಿದ್ದ ಸುಟ್ಟ ಪಟ್ಟಿಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು, ಮೂಸಿದಳು. ಎದ್ದು ರಾಶಿಯ ಹಿಂಬದಿಗೆ ಹೋಗಿ, ಭಾರ ನೋಡುತ್ತ ಒಂದೊಂದನ್ನೇ ಎತ್ತಿ ಒಗೆದು, ಮೂರು ಇಟ್ಟಿಗೆಯಂಥ ಲ್ಯಾಪ್‌ಟಾಪುಗಳನ್ನು ಸೆರಗಿನಲ್ಲಿ ಹೊತ್ತು ತಂದಳು. ಒಂದರ ಮುಚ್ಚಳ ಒಡೆದಿತ್ತು, ಇನ್ನೊಂದಕ್ಕೆ ಕೀಗಳೇ ಇರಲಿಲ್ಲ. ಮೂರೂ ಅದೇ ಮಾದರಿ.

"ಓದಾಕ ಬರಾಂಗಿಲ್ರಿ ನನಗ," ಎಂದಳು. "ಕೈಯಾಗ ಹಿಡದ್ರ ತಿಳೀತೈತಿ."

ಮನೆಗೆ ಬಂದು ಬಿಚ್ಚಿದೆ. ಎರಡನೆಯದರ ಪಟ್ಟಿ ಸರಿಯಿತ್ತು, ಅದನ್ನು ಡಾಕ್ಟರ್‌ಬಾಯಿಯ ಲ್ಯಾಪ್‌ಟಾಪಿಗೆ ಕೂರಿಸಿದೆ. ಪರದೆ ಮೊದಲು ಕೆಂಪಗೆ ಉರಿದು, ನಿಧಾನಕ್ಕೆ ಬಿಳಿಯಾಯಿತು. ಡಾಕ್ಟರ್‌ಬಾಯಿಗೆ ಫೋನ್ ಮಾಡಿ ಹೇಳಿದರೆ ಈಗಲೇ ತನ್ನಿ ಎಂದರು.

ಸಂತೋಷ ಮೂರು ವಾರ ನಡೆಯಿತು. ಆಮೇಲೆ ಡಿಸ್ಕ್ ಕಟಕಟ ಎನ್ನತೊಡಗಿತು. ಅದರಲ್ಲಿದ್ದ ಪ್ರೋಗ್ರಾಮಿಗೆ ಬೇರೆ ಪ್ರತಿಯೇ ಇಲ್ಲ; ಡಿಸ್ಕ್ ಸತ್ತರೆ ಎಲ್ಲ ಮುಗಿದಂತೆ. ಗುಜರಿಯ ಲ್ಯಾಪ್‌ಟಾಪಿನ ಡಿಸ್ಕೊಂದನ್ನು ತೆಗೆದು, ಇದರಲ್ಲಿರುವುದನ್ನೆಲ್ಲ ಅದಕ್ಕೆ ನಕಲು ಮಾಡಲು ಹಚ್ಚಿದೆ. ಬೆಳಿಗ್ಗೆ ಏಳಕ್ಕೆ ಶುರುವಾದದ್ದು ಮಧ್ಯಾಹ್ನಕ್ಕೆ ಅರ್ಧವೂ ಆಗಿರಲಿಲ್ಲ. ಡಿಸ್ಕ್ ಬಿಸಿಯಾಗದಿರಲೆಂದು ಟೇಬಲ್ ಫ್ಯಾನ್ ಅದರತ್ತ ತಿರುಗಿಸಿ, ನಾನು ಬೆವರುತ್ತ ಕೂತೆ. ಕೆಲವು ಕಡೆ ಸಿಕ್ಕಿಕೊಂಡು ಕೆರೆಯುತ್ತಿತ್ತು, ಮತ್ತೆ ಮುಂದೆ ಸಾಗುತ್ತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಹಳೆಯ ಡಿಸ್ಕ್ ಆಮೇಲೆ ತಿರುಗಲೇ ಇಲ್ಲ. ಗೆದ್ದೆ ಎನ್ನುವುದಕ್ಕಿಂತ, ಮರುದಿನ ಸೋಮವಾರ ಎನ್ನುವುದೇ ನನ್ನ ತಲೆಯಲ್ಲಿತ್ತು.

ಅರ್ಧಕ್ಕೆ ನಿಂತಿದ್ದ ನನ್ನ ಪರೀಕ್ಷೆಯೂ ಆಮೇಲೆ ಮುಗಿಯಿತು. ಎರಡೂ ಕಿವಿಯಲ್ಲಿ ಸ್ವಲ್ಪ ಕಡಿಮೆಯಾಗಿದೆ, ಗುಂಯ್ ಸದ್ದಿಗೆ ಔಷಧವಿಲ್ಲ, ಆ ಕೋಣೆಗೆ ಹೋಗುವಾಗ ಕಿವಿ ಮುಚ್ಚಿಕೊಳ್ಳಿ ಎಂದರು ಡಾಕ್ಟರ್‌ಬಾಯಿ. ಇನ್ನೂ ಮೊದಲೇ ಬರಬೇಕಿತ್ತು ಎಂದು ಅವರು ಹೇಳಲಿಲ್ಲ. ಅದಕ್ಕೆ ಅವರ ಮೇಲೆ ಗೌರವ ಹೆಚ್ಚಾಯಿತು.

ಬಿಡಿಭಾಗಗಳಿಗೆಂದು ನಾನು ಗೋದಾಮಿಗೆ ಮತ್ತೆ ಮತ್ತೆ ಹೋಗಬೇಕಾಯಿತು. ಯಾದಗಿರಿಯ ಅಕ್ಕ ಆ ಮಾದರಿಯ ಯಂತ್ರ ಬಂದರೆ ಸುತ್ತಿಗೆ ಹಾಕದೆ, ಗೋಣಿಚೀಲದ ಕೆಳಗೆ ಎತ್ತಿಡುತ್ತಿದ್ದಳು. ಇಲ್ಲಿಗೆ ಬರುವ ಮೊದಲು ಹನ್ನೆರಡು ವರ್ಷ ಜಲ್ಲಿ ಕ್ರಷರಿನಲ್ಲಿದ್ದಳಂತೆ. ಒಂದು ದಿನ ಮುಕಾದಮ ಹಿಂದಿನಿಂದ ಎರಡು ಸಲ ಕರೆದ, ಇವಳು ತಿರುಗಲಿಲ್ಲ. ಅವನು ಬಂದು ಇವಳ ಮುಂದಿದ್ದ ಡಬ್ಬಿಯನ್ನು ಒದ್ದು, ಸೊಕ್ಕು ನಿನಗೆ ಎಂದು ಬೈದು ಹೋದ. ಬೈಗುಳವೂ ಅವಳಿಗೆ ಪೂರ್ತಿ ಕೇಳಿಸಿರಲಿಕ್ಕಿಲ್ಲ. ಚೆಲ್ಲಿದ ಸ್ಕ್ರೂಗಳನ್ನು ಆಯತೊಡಗಿದಳು. ನಾನೂ ಕೂತು ಆಯ್ದೆ.

"ಅಕ್ಕಾ, ಕಿವಿ ತೋರಸಾಕ ನನ್ನ ಜೋಡಿ ಬರ್ತೀರೇನು?" ಎಂದು ಅವಳ ಮುಖ ನೋಡಿ ಕೇಳಿದೆ.

"ಒಂದ ದಿನದ ಕೂಲಿ ಹೊಕ್ಕೈತ್ರಿ."

ಎರಡು ತಿಂಗಳು ಅದೇ ಉತ್ತರ. ನಂತರ ಒಂದು ಹಬ್ಬಕ್ಕೆ ಗೋದಾಮು ಮುಚ್ಚಿತ್ತು. ಅವಳು ತೊಳೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಾಕಿಕೊಂಡು, ಮೆಹದಿಪಟ್ಟಣಂ ಬಸ್ ಸ್ಟಾಪಿನಲ್ಲಿ ನನಗಿಂತ ಮೊದಲೇ ಬಂದು ನಿಂತಿದ್ದಳು.

ಪುಟ್ಟ ಕೋಣೆಯೊಳಗೆ ಅವಳನ್ನು ಕೂರಿಸಿದರು. ನಾನು ಡಾಕ್ಟರ್‌ಬಾಯಿಯ ಪಕ್ಕ ನಿಂತು ಪರದೆ ನೋಡುತ್ತಿದ್ದೆ. ಶಬ್ದ ಏರಿಸಿದರು, ಇನ್ನೂ ಏರಿಸಿದರು. ಗಾಜಿನ ಆಚೆ ಅವಳು ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ಹುಬ್ಬು ಗಂಟಿಕ್ಕಿ, ಉಸಿರು ಬಿಗಿಹಿಡಿದು ಕೂತಿದ್ದಳು. ಗೆರೆ ಕೆಳಗೆ ಕೆಳಗೆ ಇಳಿಯಿತು.

ಡಾಕ್ಟರ್‌ಬಾಯಿ ಅವಳ ಕೈ ಹಿಡಿದು ನಿಧಾನವಾಗಿ ಹೇಳಿದರು: "ಎರಡೂ ಕಿವಿ ಭಾಳ ಹೋಗ್ಯಾವವ್ವ. ಹೊಳ್ಳಿ ಬರಾಂಗಿಲ್ಲ."

"ಅದು ನನಗ ಗೊತ್ತೈತ್ರಿ," ಎಂದಳು ಅವಳು. "ಯಂತ್ರಾನೂ ಹಂಗ ಅಂತೈತೇನು?"

"ಹೌದು."

"ಹಂಗಾರ ಒಂದ ಕಾಗದದಾಗ ಬರಕೊಡ್ರಿ. ಇಕಿ ಬೇಕಂತ ಸುಮ್ಮನ ಕುಂಡ್ರೂದಿಲ್ಲ, ಇಕಿಗೆ ಸೊಕ್ಕಿಲ್ಲ, ಇಕಿಗೆ ಖರೇನ ಕೇಳಸೂದಿಲ್ಲ ಅಂತ ಬರೀರಿ. ಮುಕಾದಮಗ ಒಂದು, ನಮ್ಮ ಮನಿಯಾಂವಗ ಒಂದು."

ಅವಳು ಕೇಳಲು ಬಂದದ್ದು ಅದೊಂದನ್ನೇ. ಗುಣವಾಗುತ್ತದೆಂಬ ಆಸೆಯಿಂದ ಅವಳು ಬಂದಿರಲೇ ಇಲ್ಲ. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಹೊರಗೆ ಬಸ್ಸುಗಳು ಹಾರನ್ ಬಾರಿಸುತ್ತಿದ್ದವು.

ಡಾಕ್ಟರ್‌ಬಾಯಿ ಮುಕಾದಮನಿಗೆ ತೆಲುಗಿನಲ್ಲಿ ಬರೆದು ಮೊಹರು ಒತ್ತಿದರು. ಗಂಡನಿಗೆ ಕನ್ನಡದಲ್ಲಿ ನಾನು ಬರೆದೆ. ಅವನಿಗೂ ಓದಲು ಬಾರದು, ಯಾರಿಂದಲಾದರೂ ಓದಿಸಿಕೊಳ್ಳುತ್ತಾನೆ ಎಂದಳು. ಅವಳು ಹೇಳಿದ ಮಾತನ್ನೇ ಒಂದಕ್ಷರ ಬದಲಿಸದೆ ಬರೆದೆ. ಆಮೇಲೆ ಡಾಕ್ಟರ್‌ಬಾಯಿ ಬೀರು ತೆರೆದು ಒಂದು ಡಬ್ಬಿ ಹೊರತೆಗೆದರು. ತೀರಿಕೊಂಡ ರೋಗಿಗಳ ಮನೆಯವರು ತಂದುಕೊಟ್ಟಿದ್ದ ಹಳೆಯ ಶ್ರವಣ ಸಾಧನಗಳು. ಒಂದರ ಬ್ಯಾಟರಿ ಮುಚ್ಚಳ ಇನ್ನೊಂದಕ್ಕೆ, ಇನ್ನೊಂದರ ನಳಿಗೆ ಮೊದಲನೆಯದಕ್ಕೆ ಸಿಕ್ಕಿಸಿ, ಅವಳ ಗೆರೆಗೆ ಹೊಂದಿಸಿ ಬಲಗಿವಿಗೆ ಹಾಕಿದರು.

ಅವಳು ತಟ್ಟನೆ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. "ಇಷ್ಟು ಗದ್ದಲ ಐತೇನ್ರಿ ಈ ಊರಾಗ?"

ಮೂವರೂ ನಕ್ಕೆವು. ನಗುತ್ತಲೇ ಅವಳ ಕಣ್ಣು ತುಂಬಿತು, ಸೆರಗಿನಿಂದ ಒರೆಸಿಕೊಂಡಳು.

ಗೋದಾಮಿನಲ್ಲಿ ಆ ಸಾಧನ ಉಪಯೋಗಕ್ಕೆ ಬರಲಿಲ್ಲ. ಕಟರಿನ ಸದ್ದಿಗೆ ತಲೆ ಸಿಡಿಯುತ್ತದೆ ಎಂದು ಅಲ್ಲಿ ತೆಗೆದಿಡುತ್ತಿದ್ದಳು. ಮನೆಯಲ್ಲಿ ಸಂಜೆ ಹಾಕಿಕೊಳ್ಳುತ್ತಾಳಂತೆ. ಆದರೆ ಕಾಗದ ಕೆಲಸ ಮಾಡಿತು. ಮುಕಾದಮ ಅದನ್ನು ಎರಡು ಸಲ ಓದಿ, ಮಡಚಿ ಜೇಬಿನಲ್ಲಿಟ್ಟುಕೊಂಡನಂತೆ. ಮರುದಿನದಿಂದ ಅವಳನ್ನು ಕಟರಿನಿಂದ ದೂರ, ಬಾಗಿಲ ಹತ್ತಿರ ಕೂರಿಸಿದ. ಕರೆಯುವಾಗ ಎದುರಿಗೆ ಬಂದು ನಿಂತು ಕರೆಯತೊಡಗಿದ. ಗಂಡನ ವಿಷಯ ಕೇಳಿದಾಗ ಅವಳು ಸ್ವಲ್ಪ ಯೋಚಿಸಿ, "ಈಗ ಬೈಯೂದು ಕಮ್ಮಿ ಮಾಡ್ಯಾನ್ರಿ, ಬಿಟ್ಟಿಲ್ಲ," ಎಂದಳು.

ಲ್ಯಾಪ್‌ಟಾಪ್ ಇನ್ನೂ ಎರಡು ವರ್ಷ ನಡೆಯಿತು. ಅಷ್ಟರೊಳಗೆ ನಾನು ಅದರ ಕೀಬೋರ್ಡು, ಫ್ಯಾನು, ಮುಚ್ಚಳದ ಎರಡೂ ಕೀಲುಗಳನ್ನು ಬದಲಿಸಿದ್ದೆ. ಒಂದನ್ನು ಸರಿಮಾಡಿದರೆ ಅದರ ಪಕ್ಕದ್ದು ಕೆಡುತ್ತಿತ್ತು. ನನ್ನ ಭಾನುವಾರಗಳೆಲ್ಲ ಅದರೊಳಗೆ ಹೋದವು. ಕೊನೆಗೆ ಮದರ್‌ಬೋರ್ಡೇ ಹೋದಾಗ ಡಾಕ್ಟರ್‌ಬಾಯಿಯ ಮುಂದೆ ಕೂತು, "ಬಾಯಿ, ಇನ್ನ ನನ್ನ ಕೈಲೆ ಆಗೂದಿಲ್ರಿ," ಎಂದೆ. ಅಳು ಬರುತ್ತದೆಂದು ಎಣಿಸಿರಲಿಲ್ಲ, ಬಂತು.

ಅವರು ನೀರು ತಂದುಕೊಟ್ಟರು. "ನಾನ ಹೇಳಬೇಕಾಗಿತ್ತು ನಿಮಗ, ಸಾಕು ಬಿಡ್ರಿ ಅಂತ," ಎಂದರು. "ಎಷ್ಟ ಮಂದಿ ಇದರ ಮುಂದ ಕುಂತ ಹೋದ್ರು ಗೊತ್ತೈತೇನು ನಿಮಗ?" ಒಂದು ತಿಂಗಳಲ್ಲಿ ಅವರು ಸಾಲ ಮಾಡಿ ಹೊಸ ಪರೀಕ್ಷಾ ಯಂತ್ರ ತರಿಸಿದರು. ಅದು ಯಾವ ಲ್ಯಾಪ್‌ಟಾಪಿಗೂ ಹೊಂದುತ್ತಿತ್ತು.

ಮುಂದಿನ ಭಾನುವಾರ ನಾನು ಮಧ್ಯಾಹ್ನ ಎರಡರವರೆಗೆ ಮಲಗಿದೆ. ಅವ್ವ ಎಬ್ಬಿಸಲಿಲ್ಲ. ಎದ್ದು ಬಂದಾಗ ಊಟದ ಮೇಜಿನ ಮೇಲೆ ಒಂದು ಸ್ಕ್ರೂ ಕೂಡ ಇರಲಿಲ್ಲ. ಅವಳು ಅದಕ್ಕೆ ಹೊಸ ಬಟ್ಟೆ ಹಾಸಿ, ತಟ್ಟೆ ಇಟ್ಟು, ರೊಟ್ಟಿ ಬಡಿಯುತ್ತಿದ್ದಳು.