ಕಿವಿ ಚುಚ್ಚಿಸಿಕೊಂಡ ಮಡಕೆಗಳು

೧೯೪೩ರ ಬೇಸಿಗೆಯಲ್ಲಿ ನಾನು ಮಧುಗಿರಿಯಲ್ಲಿ ಹೆಲ್ತ್ ವಿಸಿಟರ್ ಆಗಿದ್ದೆ. ಮಹಾರಾಜರ ಕಾಲ, ಯುದ್ಧದ ಕಾಲವೂ ಹೌದು. ಹೆಲ್ತ್ ವಿಸಿಟರ್ ಎಂದರೆ ಡಾಕ್ಟರೂ ಅಲ್ಲ, ಪೂರ್ತಿ ನರ್ಸೂ ಅಲ್ಲ. ಮನೆಮನೆಗೆ ಹೋಗಿ ಬಸುರಿ ಬಾಣಂತಿಯರನ್ನು ವಿಚಾರಿಸುವುದು, ಮಕ್ಕಳಿಗೆ ಸಿಡುಬು ಬಾರದಂತೆ ದೇವಿ ಹಾಕಿಸಲು ತಾಯಂದಿರನ್ನು ಒಪ್ಪಿಸುವುದು, ಕುಡಿಯುವ ನೀರನ್ನು ಹೇಗೆ ಸೋಸಿ ಹೇಗೆ ಇಟ್ಟುಕೊಳ್ಳಬೇಕೆಂದು ಹೇಳಿಕೊಡುವುದು ನನ್ನ ಡ್ಯೂಟಿ. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿ ಬಂದವಳು. ಬಿಳಿ ಸೀರೆ, ಕಪ್ಪು ಛತ್ರಿ, ಇಪ್ಪತ್ತನಾಲ್ಕರ ವಯಸ್ಸಿಗೆ ಇರಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಕಾನ್ಫಿಡೆನ್ಸ್. ಈಗ ಎಂಬತ್ತು ದಾಟಿದೆ. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಮೊಮ್ಮಗಳು ತಗುಲಿಸಿರುವ ಫಿಲ್ಟರ್ ಯಂತ್ರ ನೀಲಿ ದೀಪ ಹೊತ್ತಿಸಿಕೊಂಡು ಗುಂಯ್ ಎನ್ನುವಾಗಲೆಲ್ಲ ನನಗೆ ಮಿಡಿಗೇಶಿಯ ಮದುವೆಮನೆ ನೆನಪಾಗುತ್ತದೆ.

ಆ ವರ್ಷ ಪಾವಗಡದ ಕಡೆಯ ಕೆಲವು ಹಳ್ಳಿಗಳಲ್ಲಿ ಕಾಲರಾ ಕಾಣಿಸಿಕೊಂಡಿತ್ತು. ಮಿಡಿಗೇಶಿಗೆ ಇನ್ನೂ ಬಂದಿರಲಿಲ್ಲ. ಬರುವ ಮೊದಲೇ ಊರಿನ ಸಿಹಿನೀರಿನ ಬಾವಿಗೆ ಪರ್ಮಾಂಗನೇಟ್ ಹಾಕಿಸಿದೆವು. ಊರಿನವರ ಬಾಯಲ್ಲಿ ಅದು ಕೆಂಪು ಔಷಧಿ. ಬೇಸಿಗೆಯಲ್ಲಿ ತಳ ಕಂಡಿದ್ದ ಬಾವಿ ಒಂದೇ ಗಳಿಗೆಯಲ್ಲಿ ನೇರಳೆಹಣ್ಣಿನ ರಸದಂತಾಯಿತು. ಬಣ್ಣ ಹೋಗುವವರೆಗೆ ಆ ನೀರು ಕುಡಿಯುವಂತಿಲ್ಲ. ಉಳಿದದ್ದು ಹೊಲದ ಬಾವಿಯೊಂದೇ, ಅದರ ನೀರೋ ಮಜ್ಜಿಗೆಗೆ ಮಣ್ಣು ಕಲಸಿದ ಹಾಗೆ.

ಅಂಥ ಹೊತ್ತಿನಲ್ಲೇ ಊರಿನ ಚಿಕ್ಕರಂಗಪ್ಪನವರ ಮನೆಯಲ್ಲಿ ಮದುವೆ. ಹುಡುಗಿ ಗೌರಿ, ಅವರ ತಂಗಿಯ ಮಗಳು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಸೋದರಮಾವನ ಮನೆಯಲ್ಲೇ ಬೆಳೆದವಳು. ಹುಡುಗ ಕಳ್ಳಂಬೆಳ್ಳದ ತಿಮ್ಮರಾಯ, ಸಿಪಾಯಿ. ರಜೆಯ ಮೇಲೆ ಬಂದಿದ್ದ, ರಜೆ ಮುಗಿದ ಕೂಡಲೇ ಮತ್ತೆ ಯುದ್ಧಕ್ಕೆ. ಆಮೇಲೆ ಆಷಾಢ ಬೇರೆ. ಈಗ ತಪ್ಪಿದರೆ ಈ ಮದುವೆ ಯಾವಾಗ, ಆಗುತ್ತದೋ ಇಲ್ಲವೋ, ಯಾರೂ ಹೇಳುವಂತಿರಲಿಲ್ಲ.

ನಮ್ಮ ಹೆಲ್ತ್ ಆಫೀಸರು ಒಳ್ಳೆಯವರೇ, ಆದರೆ ಕಾಲರಾ ವಿಷಯದಲ್ಲಿ ಸ್ಟ್ರಿಕ್ಟ್. "ಮದುವೆಗೆ ಮುಂಚೆ ನಾನೇ ಬಂದು ನೀರು ಟೆಸ್ಟ್ ಮಾಡ್ತೇನೆ. ಬಂದವರಿಗೆಲ್ಲ ಸಾಲುವಷ್ಟು ಶುದ್ಧವಾದ ನೀರು ಶೇಖರಣೆ ಆಗಿರದಿದ್ದರೆ ಚಪ್ಪರ ಬಿಚ್ಚಿಸ್ತೇನೆ" ಎಂದರು. ಆ ಜವಾಬ್ದಾರಿ ನನ್ನ ತಲೆಗೆ ಬಂತು.

ಆಗ ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಮಿಡಿಗೇಶಿ ಬಸ್ಸಿನ ಡ್ರೈವರ್ ಶಿರಾದ ಖಾದರ್ ಸಾಹೇಬರು. ಫಿಲ್ಟರಿಗೆ ಒಳ್ಳೆ ಇದ್ದಿಲು ಬೇಕೆಂದು ಕೇಳಿದೆ.

"ಇದ್ದಿಲು ಕೊಟ್ರೆ ಬಸ್ಸು ಏರು ಹತ್ತೋದು ಹೆಂಗೆ ಬೇಟಿ?" ಎಂದರು. ಮದುವೆಯ ವಿಷಯ ಹೇಳಿದೆ. ಅರ್ಧ ಚೀಲ ಇಳಿಸಿಕೊಟ್ಟರು. ಏರಿನಲ್ಲಿ ನಾವೆಲ್ಲ ಇಳಿದು ಬಸ್ಸು ತಳ್ಳಿದೆವು. ಸಿಪಾಯಿಗಾಗಿ ಎಂದು ತಿಳಿದು ಯಾರೂ ಗೊಣಗಲಿಲ್ಲ.

ಮೂರು ಮಡಕೆಯ ಫಿಲ್ಟರ್ ಎಂದರೆ ಬಹಳ ಸಿಂಪಲ್. ಬಿದಿರಿನ ಮುಕ್ಕಾಲಿಯಲ್ಲಿ ಮಡಕೆಗಳನ್ನು ಒಂದರ ಕೆಳಗೆ ಒಂದರಂತೆ ಕೂರಿಸಬೇಕು. ಮೇಲಿನದರಲ್ಲಿ ಜಲ್ಲಿಕಲ್ಲು, ಅದರ ಮೇಲೆ ತೊಳೆದ ಮರಳು. ನಡುವಿನದರಲ್ಲಿ ಕುಟ್ಟಿದ ಇದ್ದಿಲು ಮತ್ತು ಮರಳು. ಈ ಎರಡಕ್ಕೂ ತಳದಲ್ಲಿ ಒಂದೊಂದು ತೂತು, ತೂತಿಗೆ ತೆಂಗಿನ ನಾರಿನ ಬಿರಡೆ. ನೀರು ತೊಟ್ಟಿಕ್ಕುತ್ತ ಕೆಳಗಿನ ಮಡಕೆಗೆ ತಿಳಿಯಾಗಿ ಬೀಳುತ್ತದೆ. ತಿಳಿನೀರೆಲ್ಲ ಶುದ್ಧನೀರಲ್ಲ, ರೋಗದ ಕ್ರಿಮಿ ಅದರಲ್ಲೂ ಇರಬಹುದು. ಆದ್ದರಿಂದ ಆಮೇಲೆ ಕುದಿಸಬೇಕು, ಅಥವಾ ಅಳತೆಯಾಗಿ ಬ್ಲೀಚಿಂಗ್ ಪೌಡರ್ ಹಾಕಿ ಸ್ವಲ್ಪ ಹೊತ್ತು ಬಿಡಬೇಕು. ಊರಿಗೆಲ್ಲ ಕುದಿಸಲು ಸೌದೆ ಎಲ್ಲಿಂದ ತರುವುದು? ಪೌಡರೇ ಸರಿ ಎಂದುಕೊಂಡೆ.

ಅಂಗಳದಲ್ಲಿ ಹೆಂಗಸರೆಲ್ಲ ಸೇರಿದ್ದರು. ನಾನು ಯಾವ ಜಾತಿಯೋ ಏನೋ ಎಂದು ಮದುವೆಯ ಪಾತ್ರೆಗಳನ್ನು ನನ್ನಿಂದ ಮುಟ್ಟಿಸುತ್ತಿರಲಿಲ್ಲ. ಛತ್ರಿಯ ತುದಿಯಿಂದಲೇ ನನ್ನ ಡೆಮಾನ್‌ಸ್ಟ್ರೇಷನ್. "ಈ ಹೊಸ ಮಡಕೆ ಬೋರಲು ಹಾಕಿ. ಇಲ್ಲಿ, ತಳಕ್ಕೆ ಸರಿಯಾಗಿ, ಮೊಳೆಯಿಟ್ಟು ಮೆಲ್ಲಗೆ ತೂತು ಹೊಡೀರಿ" ಎಂದೆ.

ಒಬ್ಬಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಚಪ್ಪರ ಕಟ್ಟಿಸುತ್ತಿದ್ದ ಚಿಕ್ಕರಂಗಪ್ಪ ಗಳ ಬಿಸಾಡಿ ಬಂದರು.

"ಏನಂದೆ ನರ್ಸಮ್ಮ? ಮದ್ವೆ ಮನೇಲಿ ತೂತಿನ ಮಡಕೆನಾ?"

ನಾನು ಶುದ್ಧ ಪಾಠದ ಧಾಟಿಯಲ್ಲಿ, "ನೀರು ಇಳಿಯೋದಕ್ಕೆ ದಾರಿ ಬೇಕಲ್ಲ" ಎಂದೆ.

"ಸ್ಮಶಾನದಾಗೆ ಹೆಣದ ಸುತ್ತ ಹೊತ್ಕೊಂಡು ತಿರುಗ್ತಾರಲ್ಲ, ಅದು ಕಣಮ್ಮ ತೂತಿನ ಮಡಕೆ! ಇವ್ಳಪ್ಪ ಹೋದಾಗ ಗಂಡು ಮಕ್ಳಿಲ್ಲ ಅಂತ ಹೊತ್ತೋನು ನಾನು. ನೀರು ಬೆನ್ನ ಮೇಲೆ ತೊಟ್ಟಿಕ್ಕಿದ್ದು ಇನ್ನೂ ಮರ್ತಿಲ್ಲ. ಅದೇ ಮಡಕೇನ ಇವ್ಳ ಮದ್ವೇಗೂ ತರ್ಲಾ?"

ಅವರ ದನಿ ಒಡೆಯಿತು. ಬಾಗಿಲ ಮರೆಯಲ್ಲಿ ನಿಂತಿದ್ದ ಗೌರಿ ಒಳಕ್ಕೆ ಹೋಗಿಬಿಟ್ಟಳು. ಕಾಲರಾ ಹೇಗೆ ಹರಡುತ್ತದೆ ಎಂಬುದಕ್ಕೆ ನನ್ನಲ್ಲಿ ಚಾರ್ಟ್ ಇತ್ತು. ಇದಕ್ಕೆ ಯಾವ ಚಾರ್ಟ್?

ಜಗಲಿಯ ಮೇಲೆ ಎಲೆ ಅಡಿಕೆ ಕುಟ್ಟುತ್ತಿದ್ದ ಸಿದ್ದಜ್ಜಿ, ಅಂದರೆ ಚಿಕ್ಕರಂಗಪ್ಪನವರ ತಾಯಿ, ಕುಟ್ಟಾಣಿಯಿಂದ ಕೈ ತೆಗೆಯದೆಯೇ ಕೇಳಿದಳು.

"ಲೇ ರಂಗ, ನಿನ್ ಕಿವೀಲಿರೋ ಹತ್ತಕಡಕು ಹೆಂಗ್ಲಾ ನಿಂತೈತೆ? ಅಂಟು ಹಾಕಿ ಮೆತ್ತವ್ರಾ?"

"ಅದ್ಯಾಕವ್ವ ಈಗ?"

"ತೂತಿಗೆ ತಾನೆ ಹಾಕಿರೋದು? ಗೌರಿ ಮೂಗ್ಬಟ್ಟು? ನನ್ ಓಲೆ? ತೂತು ಅಂದೇಟ್ಗೆ ಕೆಟ್ಟದ್ದಾದ್ರೆ ಈ ಮನೇಲಿ ಒಬ್ರಿಗೂ ಮುಖ ನೆಟ್ಟಗಿಲ್ಲ ಕಣ್ಲಾ."

ಹೆಂಗಸರು ನಕ್ಕುಬಿಟ್ಟರು. ಚಿಕ್ಕರಂಗಪ್ಪ ಬಿಡಲಿಲ್ಲ. "ಅದು ಶುಭದ ತೂತು ಕಣವ್ವ. ಶಾಸ್ತ್ರ ಮಾಡಿ ಚುಚ್ಚಿಸಿದ್ದು."

"ಅಂಗಾದ್ರೆ ಇವಕ್ಕೂ ಶಾಸ್ತ್ರ ಮಾಡಿ ಚುಚ್ಸು. ಮೊಳೆ ತಗಂಡು ಕುಟ್ಟಿದ್ರೆ ಅದು ಸಾವಿನ ಮಡಕೆ. ಆಚಾರಿ ಬಂದು ಅರಿಶಿನ ಹಚ್ಚಿ ಚುಚ್ಚಿದ್ರೆ ಅದು ಮನೆ ಮಗ. ನಡಿ, ಆಚಾರೀನ ಕರ್ಕೊಂಬಾ."

"ಮಡಕೇಗೆ ಕಿವಿ ಚುಚ್ಚೋದಾ! ಜನ ನಗಲ್ವಾ?"

"ನಗ್ಲಿ ಬುಡು. ಮದ್ವೆ ಮನೇಲಿ ನಗ್ದೆ ಇನ್ನೆಲ್ಲಿ ನಗ್ತಾರೆ? ಮದ್ವೆ ನಿಂತೋದ್ರೆ ಅಳೋಕೆ ಬೇಕಾದಷ್ಟು ಹೊತ್ತೈತೆ."

ಚಿಕ್ಕರಂಗಪ್ಪ ಒಳಗಿನ ಕಡೆ, ಗೌರಿ ಹೋದ ಬಾಗಿಲಿನ ಕಡೆ, ಒಮ್ಮೆ ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ತಾವೇ ಆಚಾರಿಯ ಮನೆಗೆ ಹೊರಟರು.

ಅಕ್ಕಸಾಲಿ ಆಚಾರಿ ತನ್ನ ಸಣ್ಣ ಬೈರಿಗೆಯೊಂದಿಗೆ ಬಂದ. ಮಡಕೆಗಳನ್ನು ನೀರಿನಲ್ಲಿ ನೆನೆಸಿ ಅರಿಶಿನ ಹಚ್ಚಿ ಚಾಪೆಯ ಮೇಲೆ ಸಾಲಾಗಿ ಇಟ್ಟಿದ್ದರು. ಶುರು ಮಾಡಬೇಕು, ಅಷ್ಟರಲ್ಲಿ ಅಜ್ಜಿಯ ದನಿ:

"ನಿಲ್ಲು. ಸೋದರಮಾವನ ತೊಡೆ ಮೇಲೆ ಕೂರಿಸ್ದೆ ಯಾವ ಮಗೀಗ್ಲಾ ಕಿವಿ ಚುಚ್ಚಿರೋದು?"

ಊರಿಗೆ ದೊಡ್ಡ ಕುಳ ಎನಿಸಿಕೊಂಡ ಚಿಕ್ಕರಂಗಪ್ಪ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಮಡಕೆಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡರು. ಆಚಾರಿ ಬೈರಿಗೆ ತಿರುಗಿಸಿದ. ಹೆಂಗಸರು ಸೋಬಾನೆ ಎತ್ತಿದರು. "ಅಳ್ತಾ ಇಲ್ಲ ನೋಡ್ರೇ, ಗಟ್ಟಿ ಮಗ!" ಎಂದು ಒಬ್ಬಳು. "ಬೆಲ್ಲ ತಿನ್ಸೋ ಮಾವ, ನೋಯ್ತದೆ!" ಎಂದು ಇನ್ನೊಬ್ಬಳು. ಅವರು ಗಂಭೀರವಾಗಿಯೇ ಒಂದು ಚೂರು ಬೆಲ್ಲವನ್ನು ಮಡಕೆಯ ಬಾಯಿಗೆ ಸವರಿದರು. ನಾಲ್ಕನೆಯ ಮಡಕೆಯ ಹೊತ್ತಿಗೆ ಅವರೇ ನಗುತ್ತಿದ್ದರು. ಗೌರಿ ಹೊರಗೆ ಬಂದು ಮಾವನ ಬೆನ್ನ ಹಿಂದೆ ಕುಳಿತಿದ್ದಳು.

ಮುಕ್ಕಾಲಿಗಳು ನಿಂತವು. ಮೊದಲ ನೀರು ಇಳಿದದ್ದು ಕಾಡಿಗೆಯಂತೆ ಕಪ್ಪಗೆ! ಇದ್ದಿಲನ್ನು ಸರಿಯಾಗಿ ತೊಳೆದಿರಲಿಲ್ಲ. "ಖಾದರ್ ಸಾಬ್ರ ಬಸ್ಸು ಇಳೀತಾ ಐತೆ" ಎಂದು ಅಜ್ಜಿ ಕಣ್ಣೊರೆಸಿಕೊಂಡು ನಕ್ಕಳು. ತೊಳೆಸಿ ಮತ್ತೆ ತುಂಬಿಸಿದೆ. ಸಂಜೆಗೆ ನಾರಿನ ತುದಿಯಲ್ಲಿ ಕಾಗೆಯ ಕಣ್ಣಿನಂಥ ತಿಳಿಹನಿ ಮೂಡಿತು. ಹನಿಹನಿಯಾಗಿ ಇಳಿದ ನೀರನ್ನು ಗುಡಾಣಗಳಿಗೆ, ಎಂದರೆ ಆಳೆತ್ತರದ ದೊಡ್ಡ ಮಡಕೆಗಳಿಗೆ, ತುಂಬಿಸಿದೆವು. ಅಳತೆ ನೋಡಿ ಪೌಡರ್ ಕದಡಿ ಹಾಕಿಸಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಮರದ ಮುಚ್ಚಳ ಹಾಕಿಸಿದೆ. ನೀರು ಕೆಡುವುದು ಹೆಚ್ಚಾಗಿ ಸೋಸಿದ ಮೇಲೆಯೇ, ಚೊಂಬು ಅದ್ದುವ ಕೈಗಳಿಂದ. ಅದಕ್ಕಾಗಿ ಉದ್ದ ಬಿದಿರಿನ ಹಿಡಿಯ ಚಿಪ್ಪಿನ ಸೌಟು ಮಾಡಿಸಿ, ಅದು ಒಬ್ಬರ ಕೈಯಲ್ಲೇ ಇರಬೇಕೆಂದೆ. ಸೌಟನ್ನು ಯಾರಿಗೆ ಕೊಡುವುದೆಂದು ನಾನು ಯೋಚಿಸುವ ಮೊದಲೇ ಚಿಕ್ಕರಂಗಪ್ಪ ಹೆಗಲ ಮೇಲೆ ಹಾಕಿಕೊಂಡಿದ್ದರು.

"ಒಳಕ್ಕೆ ಕೈ ಅದ್ದಿದ್ರೆ ಈ ಸೌಟು ತಲೆ ಮೇಲೆ ಬೀಳ್ತದೆ ಕಣ್ಲಾ" ಎಂದು ಎಲ್ಲರಿಗೂ ಹೇಳಿದರು.

ಮಾರನೆಯ ಬೆಳಿಗ್ಗೆ ಹೆಲ್ತ್ ಆಫೀಸರು ಬಂದರು. ಅದೇ ಹೊತ್ತಿಗೆ ಗಂಡಿನ ದಿಬ್ಬಣವೂ ಕಳ್ಳಂಬೆಳ್ಳದಿಂದ ಬಂದಿಳಿಯಿತು. ಬಿಳಿ ಪಿಂಗಾಣಿ ಬಟ್ಟಲಿಗೆ ಗುಡಾಣದ ನೀರು ಹಾಕಿಸಿ, ಸ್ಟಾರ್ಚ್ ಮತ್ತು ಅಯೊಡೈಡ್ ಬೆರೆತ ದ್ರಾವಣದ ಕೆಲವು ಹನಿ ಬಿಟ್ಟರು. ನೀರಿನಲ್ಲಿ ಪೌಡರಿನ ಕ್ಲೋರಿನ್ ಉಳಿದಿದ್ದರೆ ಅದು ನೀಲಿಯಾಗುತ್ತದೆ, ಇಲ್ಲದಿದ್ದರೆ ಬಣ್ಣವಿಲ್ಲ, ಮದುವೆಯೂ ಇಲ್ಲ. ಎರಡೂ ಕಡೆಯ ಬೀಗರು ಬಟ್ಟಲಿನ ಮೇಲೆ ಬಗ್ಗಿದರು. ನಾನು ಮನಸ್ಸಿನಲ್ಲೇ ಕಾನ್ವೆಂಟಿನ ಹೇಲ್ ಮೇರಿ ಪ್ರಾರ್ಥನೆ ಹೇಳಿಕೊಂಡೆ. ನಾನು ಕ್ರಿಶ್ಚಿಯನ್ ಅಲ್ಲ, ಆದರೆ ಅಭ್ಯಾಸ ಯಾರನ್ನು ಬಿಡುತ್ತದೆ?

ಬಟ್ಟಲಿನಲ್ಲಿ ಆಕಾಶದ ಚೂರೊಂದು ಬಿದ್ದಂತೆ ನೀಲಿ ಹರಡಿತು.

"ಪಾಸ್" ಎಂದರು ಆಫೀಸರು. ಅಷ್ಟೇ.

ಇನ್ನೊಂದು ಸಂಕಟ ಉಳಿದಿತ್ತು. ಗಂಡಿನ ಕಡೆಯ ಹಿರಿಯರೊಬ್ಬರು ಲೋಟ ಮೂಸಿ, "ಇದೇನ್ರೀ, ಸುಣ್ಣದ ಗೂಡಿನ ವಾಸ್ನೆ" ಎಂದು ಕೆಳಗಿಟ್ಟರು. ದಿಬ್ಬಣದವರೆಲ್ಲ ಲೋಟ ಕೆಳಗಿಟ್ಟರು. ಬಾಸಿಂಗ ಕಟ್ಟಿಸಿಕೊಳ್ಳುತ್ತಿದ್ದ ತಿಮ್ಮರಾಯ ಅಲ್ಲಿಂದಲೇ ಕೈಚಾಚಿ ಆ ಲೋಟ ಇಸಕೊಂಡು, ಗಟಗಟ ಕುಡಿದು, ಮತ್ತೊಂದು ಕೇಳಿದ.

"ನಮ್ ಕ್ಯಾಂಪ್ನಾಗೆ ಇದೇ ವಾಸ್ನೆ ದೊಡ್ಡಪ್ಪ. ಈ ವಾಸ್ನೆ ಇಲ್ದಿದ್ರೆ ನಂಗೀಗ ನೀರು ಗಂಟ್ಲಲ್ಲಿ ಇಳಿಯಲ್ಲ. ಮಾವನ ಮನೇಲೂ ಇದೇ ಸಿಕ್ತಲ್ಲ, ನನ್ ಪುಣ್ಯ!"

ಸೌಟು ಹಿಡಿದು ನಿಂತಿದ್ದ ಚಿಕ್ಕರಂಗಪ್ಪನವರ ಮುಖ ನೋಡಬೇಕಿತ್ತು. ಆಮೇಲೆ ಸೌಟಿಗೆ ಬಿಡುವೇ ಇರಲಿಲ್ಲ. ಆ ಮದುವೆಗೆ ಬಂದು ಹೋದ ಯಾರಿಗೂ ಕಾಯಿಲೆಯಾದ ಸುದ್ದಿ ನನಗೆ ಬರಲಿಲ್ಲ.

ಹೆಣ್ಣು ಒಪ್ಪಿಸುವ ಹೊತ್ತು. ಗಾಡಿಯಲ್ಲಿ ಗೌರಿಯ ಪೆಟ್ಟಿಗೆಯ ಪಕ್ಕ ಚಿಕ್ಕರಂಗಪ್ಪ ಕುಳಿತಿದ್ದರು. ಅಜ್ಜಿ ಕುಂಕುಮವಿಟ್ಟ ಒಂದು ಜೊತೆ ತೂತಿನ ಮಡಕೆಗಳನ್ನು ತಂದು ಮಗನ ತೊಡೆಯ ಮೇಲಿಟ್ಟಳು. ಗೌರಿ ಬಿಕ್ಕುತ್ತಿದ್ದಳು. "ಅಳ್ಬ್ಯಾಡ ಕಣವ್ವ, ನಿನ್ ತಮ್ಮಂದೀರೂ ಜೊತೇಲೇ ಬತ್ತಾವ್ರಲ್ಲ" ಎಂದ ಅವರ ಕಣ್ಣೂ ತುಂಬಿತ್ತು. ಹೊರಡುವ ಮುನ್ನ ಅಜ್ಜಿ ನನ್ನನ್ನು ಕರೆದು ಸೌಟನ್ನು ನನ್ನ ಕೈಗೇ ಕೊಟ್ಟು, "ನೀನೂ ಒಂದ್ ಲೋಟ ಬಗ್ಗಿಸ್ಕೊಂಡು ಕುಡಿ ಮಗಳೇ" ಎಂದಳು. ಅದುವರೆಗೂ ನನ್ನ ಛತ್ರಿ ಮಾತ್ರ ಮುಟ್ಟಿದ್ದ ಆ ಗುಡಾಣದಿಂದ ನಾನೇ ಬಗ್ಗಿಸಿಕೊಂಡು ಕುಡಿದೆ. ಕ್ಲೋರಿನ್ ವಾಸನೆ ಇತ್ತೇ? ಇದ್ದಿರಬೇಕು. ನನಗೆ ತಿಳಿಯಲಿಲ್ಲ.

ಯುದ್ಧ ಮುಗಿದ ಮೇಲೆ ತಿಮ್ಮರಾಯ ಕ್ಷೇಮವಾಗಿ ಬಂದ. ಕಳ್ಳಂಬೆಳ್ಳದ ಅವರ ಮನೆಯಲ್ಲಿ ನಾನೇ ಒಮ್ಮೆ ಆ ಮಡಕೆಗಳ ನೀರು ಕುಡಿದೆ.

ನನ್ನ ಕೆಲಸದ ಮುಖ್ಯ ಪಾಠ ನನಗೆ ಟ್ರೇನಿಂಗಿನಲ್ಲಿ ಸಿಕ್ಕಿದ್ದಲ್ಲ. ಒಂದು ಹೊಸ ವಸ್ತುವನ್ನು ಮನೆಯೊಳಗೆ ತರಬೇಕಾದರೆ ಅದು ಎಷ್ಟು ಉಪಯೋಗ ಎಂದು ಹೇಳಿದರೆ ಸಾಲದು, ಆ ಮನೆಯವರಿಗೆ ಅದು ಏನಾಗಬೇಕು ಎಂಬುದೂ ಗೊತ್ತಾಗಬೇಕು. ಮುಂದೆ ಬರಗೂರಿಗೆ ಹೋದೆ, ಕೊರಟಗೆರೆಗೆ ಹೋದೆ. ಹೋದಲ್ಲೆಲ್ಲ ಅಂಗಳದಲ್ಲಿ ನಿಂತು ಬಾವಿ ಎಲ್ಲಿ ಎಂದು ವಿಚಾರಿಸುವ ಮೊದಲು ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ:

"ಈ ಮನೇಲಿ ಸೋದರಮಾವ ಯಾರಮ್ಮ?"