ಮಣಿಕಟ್ಟಿನ ಸುತ್ತಳತೆ

ಕೋಪರಖೈರಣೆಯ ಬಾಡಿಗೆ ಮನೆಯಲ್ಲಿ ಹೆಂಡತಿಯ ಸೀಮಂತ ಇಟ್ಟುಕೊಂಡಿದ್ದೆವು. ಹಿಂದೊಮ್ಮೆ ಗರ್ಭ ನಿಲ್ಲದೆ ಹೋಗಿತ್ತು. ಹಾಗಾಗಿ ಈ ಸಲ ಅವಳಿಗೆ ಸೀನು ಬಂದರೂ ಭಯ. ನನ್ನನ್ನು ಕೇಳಿದ್ದು ಒಂದೇ, ಕೈತುಂಬ ಹಸಿರು ಗಾಜಿನ ಬಳೆ.

"ಅಳತೆಗೆ ನನ್ನ ಹಳೇ ಬಳೆ ಒಂದು ತಗೊಂಡ್ಹೋಗಿ," ಅಂದಳು.

"ಅದ್ಯಾಕೆ? ನಾನೇನು ಸ್ಕೂಲಿಗೆ ಹೋಗಿಲ್ವಾ?"

ವಾಶಿಯ ಆಫೀಸಿನಲ್ಲಿ ದಿನವಿಡೀ ಅಂಕಿಗಳ ಜೊತೆ ಗುದ್ದಾಡುವ ನನಗೆ ಬಳೆ ಯಾವ ಲೆಕ್ಕ! ಟೇಪು ತಂದು ಅವಳ ಮಣಿಕಟ್ಟಿಗೆ ಸುತ್ತಿದೆ. ಸುತ್ತಳತೆ ಹದಿನಾರು ಸೆಂಟಿಮೀಟರ್. ಪೈನಿಂದ ಭಾಗಿಸಿದರೆ ವ್ಯಾಸ ಐದಕ್ಕಿಂತ ಚೂರು ಹೆಚ್ಚು. ಅರ್ಧ ಮಾಡಿ ತ್ರಿಜ್ಯವನ್ನೂ ಹೇಳಿದೆ, ಅದನ್ನು ಯಾರೂ ಕೇಳಿರಲಿಲ್ಲ. ಸ್ವಲ್ಪ ಸಡಿಲವಿರಲಿ ಎಂದು ಎರಡು ಮಿಲಿಮೀಟರ್ ಸೇರಿಸಿ, ಠಾಣೆ ಊರಿನ ಮಾರ್ಕೆಟ್ಟಿನಲ್ಲಿ ಸ್ಕೇಲು ಹಿಡಿದು ಒಳವ್ಯಾಸ ಅಳೆದೇ ಆರಿಸಿ ತಂದೆ. ಜಂಬದ ಕೋಳಿ ನಾನು.

ಸೀಮಂತದ ದಿನ ಪಕ್ಕದ ಮನೆಯ ಮರಾಠಿ ಮಾವಶಿ, ಅಂದರೆ ಚಿಕ್ಕಮ್ಮ, ಬಳೆ ತೊಡಿಸಲು ಕೂತರು. ಬಳೆ ಬೆರಳುಗಳನ್ನು ದಾಟಿ ಹೆಬ್ಬೆರಳಿನ ಬುಡದಲ್ಲಿ ನಿಂತುಬಿಟ್ಟಿತು. ಮಣಿಕಟ್ಟು ಸೇರುವ ಮೊದಲು ಅದು ಇಡೀ ಅಂಗೈ ದಾಟಬೇಕು. ಆ ಕೈಯಿಂದಲೇ ದಿನವೂ ಬಡಿಸಿಕೊಂಡು ತಿನ್ನುವವನಿಗೆ ಇಷ್ಟು ಹೊಳೆದಿರಲಿಲ್ಲ. ಆರತಿ ತಟ್ಟೆ ಹಿಡಿದು ನಿಂತಿದ್ದೆ, ಕಿವಿ ಬಿಸಿಯಾಯಿತು. ಮಾವಶಿ ಸೋಪು ಹಚ್ಚಿ ಒತ್ತಿದರು. ಚಟ್ಟೆಂದು ಬಳೆ ಚೂರಾಗಿ, ರಕ್ತ ಜಿನುಗಿತು.

"ಫುಟ್ಲಿ ನಾಹೀ, ವಾಢಲಿ ಮ್ಹಣಾಯ್ಚಂ," ಅಂದರು ಮಾವಶಿ ಮೆಲ್ಲಗೆ. ಬಳೆ ಒಡೆಯಿತು ಎನ್ನದೆ ಬೆಳೆಯಿತು ಎನ್ನುವುದು ಅವರ ವಾಡಿಕೆ. ಆದರೂ ಹೆಂಗಸರು ಅಪಶಕುನವಾಯಿತೆಂಬಂತೆ ಮುಖ ಮುಖ ನೋಡಿಕೊಂಡರು. ಹೆಂಡತಿಯ ಇನ್ನೊಂದು ಕೈ ಹೊಟ್ಟೆಯನ್ನು ಅವುಚಿಕೊಂಡಿತ್ತು. ಭೂಮಿ ಬಾಯ್ಬಿಟ್ಟರೆ ಸಾಕು ಅನ್ನಿಸಿತು ನನಗೆ.

ಕೆಳಗಿನ ಮನೆಯ ವಿಜಯಪುರದ ಅಜ್ಜಿ ಕೇಳಿಯೇಬಿಟ್ಟರು. "ಇಷ್ಟು ಸಣ್ಣ ಬಳಿ ಯಾರು ತಂದಾರವ್ವಾ?"

ನಾನು ಬಾಯಿ ತೆರೆಯಬೇಕಿತ್ತು. ಆರತಿ ತಟ್ಟೆಯ ಬತ್ತಿ ಸರಿಮಾಡತೊಡಗಿದೆ.

"ನಾನೇ ಅಜ್ಜಿ, ಈ ಸೈಜೇ ಬೇಕು ಅಂತ ಹೇಳಿ ತರ್ಸಿದ್ದೆ," ಅಂದಳು ಹೆಂಡತಿ. "ಕೈ ಊದಿರೋದು ಮರ್ತೇಬಿಟ್ಟೆ."

"ಬಸುರಿ ಹೆಣ್ಮಗಳಿಗೆ ಇಷ್ಟೂ ಖಬರ್ ಇರಬಾರ್ದೇನ?" ಎಂದು ಅಜ್ಜಿ ಎಲ್ಲರೆದುರು ಅವಳನ್ನು ಬೈದರು. ಅವಳು ತಲೆ ಎತ್ತಲಿಲ್ಲ. ಅಜ್ಜಿ, ನಿಜವೇ ಎನ್ನುವಂತೆ ನನ್ನ ಕಡೆ ತಿರುಗಿದರು.

ನಾನು ಹೌದೆಂದು ತಲೆಯಾಡಿಸಿದೆ.